ಊರುಗಳು ನನಗೆ, ಜನರು ನಿನಗೆ

ಕೊಟ್ಟಾರ, ಮಂಗಳೂರು
6 ಸೆಪ್ಟೆಂಬರ್ 2025

ಪ್ರೀತಿಯ ರುಮಿ,

ನಿಂತಿದ್ದರೆ ಕುಳಿತುಕೋ. ‘ಹನ್ನೆರಡು ಬಂದರು’ ಓದುಗರ ಮಹಾಮೇಳ ಈ ಸಲ ನಮ್ಮ ಊರಿನಲ್ಲೇ. ಡಿಸೆಂಬರ್ ಇಪ್ಪತ್ತು, ಇಪ್ಪತ್ತೊಂದು. ನಮ್ಮ ಮನೆಯಿಂದ ನಡೆದೇ ಹೋಗಬಹುದಾದ, ಹೆದ್ದಾರಿ ಬದಿಯ ಆ ದೊಡ್ಡ ಸಭಾಭವನದಲ್ಲಿ. ಐದು ಸಾವಿರ ಜನ ಸೇರುತ್ತಾರಂತೆ. ವೇಷದ ಮೆರವಣಿಗೆ, ರಸಪ್ರಶ್ನೆ, ಮಳಿಗೆಗಳು ಎಲ್ಲ ಇವೆ. ಎಲ್ಲಕ್ಕಿಂತ ಮೇಲೆ, ಏಳು ಸಂಪುಟ ಬರೆದ ಲೇಖಕಿಯೇ ಎರಡು ದಿನವೂ ಇರುತ್ತಾರೆ.

ಓದುಗರೇ ತಯಾರಿಸಿದ ಪುಸ್ತಕಗಳ ಸ್ಪರ್ಧೆಯೂ ಉಂಟು. ಐದನ್ನು ಆರಿಸುತ್ತಾರೆ. ಆ ಐವರು ಲೇಖಕಿಯ ಎದುರು ಹತ್ತು ನಿಮಿಷ ಕುಳಿತು ಮಾತಾಡಬಹುದು. ಹೆಸರು ಕೊಟ್ಟುಬಿಟ್ಟೆ. ವಿವರಣೆಗೆ ನಾಲ್ಕು ಸಾಲಿನ ಜಾಗ ಕೊಟ್ಟಿದ್ದರು. ಹೀಗೆ ಬರೆದೆ: “ಹದಿನೈದು ವರ್ಷಗಳ ಹಿಂದೆ, ಹೈಸ್ಕೂಲಿನಲ್ಲಿ, ಕಂಕನಾಡಿಯ ಬಾಡಿಗೆ ಪುಸ್ತಕದಂಗಡಿಯಲ್ಲಿ ಮೊದಲ ಸಂಪುಟ ಸಿಕ್ಕಿದಾಗ ಇಬ್ಬರು ಗೆಳತಿಯರು ಆರಂಭಿಸಿದ ಕೋಶ ಇದು. ಕಾದಂಬರಿಯಲ್ಲಿ ಬರುವ ಪ್ರತಿಯೊಂದು ಊರು, ಪ್ರತಿಯೊಬ್ಬ ವ್ಯಕ್ತಿಗೂ ಒಂದೊಂದು ಬರಹವಿದೆ. ಊರುಗಳನ್ನು ನಿರೀಕ್ಷಾ ಬರೆದಿದ್ದಾಳೆ. ಜನರನ್ನು ರುಮೈಸಾ ಬರೆದಿದ್ದಾಳೆ.” ಹೇಗಿದೆ?

ನಿನ್ನಿಂದ ಆರು ಮತ್ತು ಏಳನೆಯ ಸಂಪುಟದ ಜನರು ಇನ್ನೂ ಬರಬೇಕು. ನಲವತ್ತಾದರೂ ಇದ್ದಾರು. ಬೇಗ ಬರೆದು ಜಮಾಲಾಕನ ಕೈಯಲ್ಲಿ ಕೊಡು. ಅವರು ತಿಂಗಳು ತಿಂಗಳು ಒಣಮೀನು ಹೊತ್ತು ಸೋಹಾರಿಗೆ ಹೋಗಿ ಬರುವವರೆಗೆ ನಮಗೆ ಅಂಚೆಯ ಹಂಗಿಲ್ಲ. ಫೋನಿನಲ್ಲಿ ಹೇಳುವ ಹಾಗಿಲ್ಲ, ನಿಯಮ ನಿಯಮವೇ. ಮೂರನೆಯ ಸಂಪುಟದ ಕೊನೆಯನ್ನು ನೀನು ಫೋನಿನಲ್ಲಿ ಬಾಯಿಬಿಟ್ಟ ದಿನವೇ ಪುಸ್ತಕದ ಮಾತು ಕಾಗದದಲ್ಲಿ ಮಾತ್ರ ಎಂದು ಆಣೆ ಹಾಕಿದ್ದೇವಲ್ಲ.

ಸ್ಪರ್ಧೆಯ ಒಂದು ಷರತ್ತು ಗಮನಿಸು. ಯಾರ ಹೆಸರು ಇದೆಯೋ ಅವರೆಲ್ಲರೂ ಗುರುತಿನ ಚೀಟಿ ಹಿಡಿದು ಮೊದಲ ದಿನ ತೀರ್ಪುಗಾರರ ಮುಂದೆ ಕೂರಬೇಕು. ಒಬ್ಬೊಬ್ಬರಿಗೆ ಐದೈದು ಪ್ರಶ್ನೆ. ಕದ್ದು ತಂದವರನ್ನು ಹಿಡಿಯಲು. ನಿನಗೆ ಐದಲ್ಲ, ಐನೂರು ಕೇಳಲಿ.

ಕದಿಯುವವರು ಎಂದಾಗ ನೆನಪಾಯಿತು. ಮುಖೇಶ್ ಕೂಡ ಸ್ಪರ್ಧೆಗೆ ಒಂದು ಕೋಶ ತರುತ್ತಿದ್ದಾನೆ. ಅವನ ಆ ವೆಬ್‌ಪುಟ ಗೊತ್ತಲ್ಲ, ದಾರಿಯಲ್ಲಿ ಹೋಗುವವರೆಲ್ಲ ಬಂದು ಬರೆದು ಹೋಗುವಂಥದ್ದು? ನನ್ನ ಮೂರು ಊರುಗಳ ವಿವರ ಅಕ್ಷರ ಬದಲಾಗದೆ ಅಲ್ಲಿ ಕುಳಿತಿದೆ. ನನಗೆ ಅವನ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ಅವನಿಗೆ ಒಂದು ವ್ಯವಸ್ಥೆ ಮಾಡಿಟ್ಟಿದ್ದೇನೆ. ಏನೆಂದು ನಿನಗೂ ಹೇಳುವುದಿಲ್ಲ.

ನಿನ್ನ
ನೀರು

ಸೋಹಾರ್, ಒಮಾನ್
19 ಸೆಪ್ಟೆಂಬರ್ 2025

ಪ್ರೀತಿಯ ನೀರು,

ನಿನ್ನ ಪತ್ರಕ್ಕೆ ಈ ಸಲ ಬಂಗುಡೆಯ ವಾಸನೆ. ನಮ್ಮ ಯಜಮಾನರು ಯಾಹ್ಯಾ ಲಕೋಟೆಯನ್ನು ಬಾಲ್ಕನಿಯಲ್ಲಿ ಒಣಹಾಕಿ, “ಪತ್ರವಾ, ಪಲ್ಯಕ್ಕೆ ಹಾಕುವುದಾ?” ಎಂದು ಕೇಳಿದರು.

ಎಷ್ಟು ಖುಷಿಯಾಯಿತೆಂದರೆ ಎರಡು ಸಲ ಓದಿದೆ. ನೀನು ಬರೆದ ವಿವರಣೆ ಚೆನ್ನಾಗಿದೆ. ಮುಖಪುಟದ ಚಿತ್ರ ಕಳುಹಿಸಿದ್ದೀಯಲ್ಲ, ಅದೂ ಚೆನ್ನಾಗಿದೆ. ಒಂದೇ ಮಾತು, ಜಗಳ ಅಲ್ಲ, ಸುಮ್ಮನೆ ಕೇಳುವುದು. ನನ್ನ ಹೆಸರಿನ ಅಕ್ಷರ ನಿನ್ನದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅದು ಫೋಟೋದ ದೋಷವೋ?

ಹದಿನೆಂಟು ಜನರನ್ನು ಇದರೊಂದಿಗೆ ಕಳುಹಿಸಿದ್ದೇನೆ. ಉಳಿದವರು ಮುಂದಿನ ಸಲ.

ಆ ಐದು ಪ್ರಶ್ನೆಗಳ ವಿಷಯ. ಇಬ್ಬರೂ ಕೂರಲೇಬೇಕಾ? ಒಬ್ಬರು ಉತ್ತರಿಸಿದರೆ ಸಾಲದಾ? ಪ್ರಶ್ನೆಗಳು ಏಳೂ ಸಂಪುಟದಿಂದ ಬರುತ್ತವೋ ಅಥವಾ ಆರಂಭದ ನಾಲ್ಕರಿಂದ ಮಾತ್ರವೋ, ಸ್ವಲ್ಪ ವಿಚಾರಿಸಿ ಬರೆ. ಡಿಸೆಂಬರಿನಲ್ಲಿ ಯಾಹ್ಯಾರಿಗೆ ರಜೆ ಸಿಗುವುದು ಅನುಮಾನ. ಕಂಪೆನಿಯಲ್ಲಿ ಯಾವುದೋ ಆಡಿಟ್ ಅಂತೆ. ನಾನು ಬರಲಾಗದಿದ್ದರೆ ನೀನು ಬೇಸರಿಸಬಾರದು. ಲೇಖಕಿಯ ಎದುರು ನೀನು ಕುಳಿತರೆ ನಾನೂ ಕುಳಿತ ಹಾಗೆಯೇ.

ನಿನ್ನ
ರುಮಿ

ಕೊಟ್ಟಾರ
4 ಅಕ್ಟೋಬರ್ 2025

ಪ್ರೀತಿಯ ರುಮಿ,

ನಿನ್ನ ಹೆಸರಿನ ಅಕ್ಷರವನ್ನು ಸ್ಕೇಲ್ ಇಟ್ಟು ಅಳೆದೆ. ಎರಡೂ ಒಂದೇ ಅಳತೆ. ಅನುಮಾನಿಸುವುದು ನನ್ನ ಕೆಲಸ, ನೀನು ಯಾವಾಗ ಶುರುಮಾಡಿದೆ?

ಇಲ್ಲಿ ತಯಾರಿಯ ಗದ್ದಲ. ಸಹಿ ಹಾಕಿಸಲು ಒಬ್ಬರಿಗೆ ಮೂರೇ ಪುಸ್ತಕವಂತೆ. ಏಳರಲ್ಲಿ ಮೂರನ್ನು ಆರಿಸುವುದೆಂದರೆ ಏಳು ಮಕ್ಕಳ ತಾಯಿಗೆ ಮೂರೇ ಮಕ್ಕಳನ್ನು ಬಸ್ಸಿಗೆ ಹತ್ತಿಸು ಎಂದ ಹಾಗೆ. ಒಂದನೆಯದು ಬೇಕೇ ಬೇಕು, ಅದರಲ್ಲಿ ಬಾಡಿಗೆ ಅಂಗಡಿಯ ಮುದ್ರೆ ಇದೆ. ಐದನೆಯದು ನನ್ನ ಪ್ರಾಣ. ಮೂರನೆಯ ಜಾಗಕ್ಕೆ ನಿತ್ಯವೂ ಜಗಳ. ಮಳಿಗೆಗಳ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದೇನೆ. ಯಾವ ಗಂಟೆಗೆ ಯಾವ ಸಾಲು ಎಂದು ಗೆರೆ ಎಳೆದಾಗಿದೆ. ಮೆರವಣಿಗೆಗೆ ಸುಂಕದ ಕಟ್ಟೆಯ ಅಧಿಕಾರಿಣಿಯ ವೇಷ, ಅದೇ, ಹಡಗಿನಿಂದ ಇಳಿದವರ ಕಿಸೆಯನ್ನೆಲ್ಲ ತಡಕುವವಳು. ಅಮ್ಮ ನೋಡಿ ನಕ್ಕರು. “ಅದಕ್ಕೆ ನಿನಗೆ ವೇಷ ಎಂತಕ್ಕೆ? ಹೀಗೇ ಹೋಗು” ಎಂದರು.

ಪ್ರಶ್ನೆಗಳು ಏಳೂ ಸಂಪುಟದಿಂದ. ವಿಚಾರಿಸಿದೆ. ಆದರೆ ನೀನು ಯಾಕೆ ಕೇಳಿದೆ ಎನ್ನುವುದು ಮಾತ್ರ ನನಗೆ ಹೊಳೆಯಲಿಲ್ಲ. ಅದಿರಲಿ.

ಇನ್ನೊಂದು ವಿಷಯ. ಕಳೆದ ವಾರ ಮುಖೇಶ್ ಫಳ್ನೀರಿನ ನಮ್ಮ ಕನ್ನಡಕದ ಅಂಗಡಿಗೇ ಬಂದಿದ್ದ. ಅವನ ತಂದೆಗೆ ಫ್ರೇಮ್ ಬೇಕಿತ್ತಂತೆ, ನಂಬುವವರು ನಂಬಲಿ. ಕೌಂಟರಿಗೆ ಒರಗಿ ಕೇಳಿದ: “ನಿಮ್ಮ ಫ್ರೆಂಡ್ ಒಬ್ರು ಒಮಾನಲ್ಲಿ ಇದ್ದಾರಲ್ವಾ? ನಮ್ಮ ಪೇಜಿಗೆ ಅಲ್ಲಿಂದ ಒಬ್ರು ದಿನಾ ಬರ್ತಾರೆ ಮಾರಾಯ್ರೆ. ಗಂಟೆಗಟ್ಲೆ ಇರ್ತಾರೆ. ಸೋಹಾರ್ ಅಂತ ತೋರಿಸ್ತದೆ.” ನಾನು “ಒಮಾನಿನಲ್ಲಿ ಎಷ್ಟೋ ಕನ್ನಡದವರು ಇದ್ದಾರೆ” ಎಂದೆ. ಅವನು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಅದು ನೀನಲ್ಲ ತಾನೇ?

ನೀರು

ಸೋಹಾರ್
17 ಅಕ್ಟೋಬರ್ 2025

ಪ್ರೀತಿಯ ನೀರು,

ಒಮಾನಿನಲ್ಲಿ ಎಷ್ಟೋ ಕನ್ನಡದವರು ಇದ್ದಾರೆ ಎಂದು ನೀನೇ ಹೇಳಿದ್ದೀ. ಅದೇ ಉತ್ತರ. ಮುಖೇಶನ ಮುಖವನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಕೌಂಟರಿಗೆ ಒರಗಿದವರೆಲ್ಲ ಹೇಳಿದ್ದನ್ನು ನೀನು ನನ್ನ ಹತ್ತಿರ ವಿಚಾರಣೆಗೆ ತಂದರೆ ಹೇಗೆ?

ಉಳಿದ ಇಪ್ಪತ್ತಾರು ಜನ ಇದರಲ್ಲಿ ಇದ್ದಾರೆ. ಕೋಶದ ಕೆಲಸ ಮುಗಿಯಿತು. ಎಲ್ಲರಿಗಿಂತ ನನಗೆ ಇಷ್ಟವಾದವಳು ಆರನೆಯ ಸಂಪುಟದ ತನಿಯಜ್ಜಿ, ಉಪ್ಪಿನ ಗೋದಾಮಿನ ಕಾವಲುಗಾರ್ತಿ. ಅವಳಿಗೆ ಪೂರಾ ಎರಡು ಪುಟ ಕೊಟ್ಟಿದ್ದೇನೆ. ಸಂಜೆ ಬಾಗಿಲು ಹಾಕುವ ಮುಂಚೆ ಕೆಲಸದವರ ತಲೆಯನ್ನು ಒಂದೊಂದಾಗಿ ಮುಟ್ಟಿ, ಎಲ್ಲರೂ ಹೊರಗೆ ಬಂದರೋ ಎಂದು ನೋಡುತ್ತಾಳಲ್ಲ, ಅದನ್ನು ಬರೆಯುವಾಗ ನನಗೆ ಅಳು ಬಂತು. ಅವಳು ಸಾಯುವ ಅಧ್ಯಾಯದಲ್ಲಂತೂ ಕೇಳಬೇಡ.

ಬರುವ ವಿಷಯ ಏನೂ ನಿಶ್ಚಯವಿಲ್ಲ. ಟಿಕೆಟ್ ಆಗಿಲ್ಲ. ನೀನೊಬ್ಬಳೇ ಹೋಗುವ ಹಾಗೆ ಫಾರಂ ತುಂಬಲು ಆಗುತ್ತದಾ ನೋಡು. ‘ಸಹಾಯ: ರುಮೈಸಾ’ ಎಂದು ಕೆಳಗೆ ಎಲ್ಲಾದರೂ ಹಾಕಿದರೆ ಸಾಕು. ನಾನು ಬೇಸರದಿಂದ ಹೇಳುವುದಲ್ಲ.

ನಿನ್ನ
ರುಮಿ

ಕೊಟ್ಟಾರ
1 ನವೆಂಬರ್ 2025

ರುಮೈಸಾ,

ಪತ್ರ ಮತ್ತು ಇಪ್ಪತ್ತಾರು ಬರಹಗಳು ತಲುಪಿವೆ.

ತನಿಯಜ್ಜಿ ಆರನೆಯ ಸಂಪುಟದ ಯಾವ ಪುಟದಲ್ಲಿ ಬರುತ್ತಾಳೆ? ಅವಳು ಸಾಯುವ ಅಧ್ಯಾಯ ಯಾವುದು? ಕೋಶದಲ್ಲಿ ಪುಟಸಂಖ್ಯೆ ನಮೂದಿಸಬೇಕಾಗಿದೆ.

ನಿನ್ನ ಟಿಕೆಟ್ ಆಯಿತೇ? ಹೌದು ಅಥವಾ ಇಲ್ಲ ಎಂದಷ್ಟೇ ಬರೆದರೆ ಸಾಕು. ಅಂತಿಮ ಫಾರಂ ಕೊಡಲು ನವೆಂಬರ್ ಮೂವತ್ತು ಕೊನೆಯ ದಿನ.

ನಿರೀಕ್ಷಾ

ಸೋಹಾರ್
14 ನವೆಂಬರ್ 2025

ನೀರು,

ನಿನ್ನ ಪತ್ರ ಬ್ಯಾಂಕಿನಿಂದ ಬಂದ ಕಾಗದದ ಹಾಗಿತ್ತು. ನಿನಗೆ ಗೊತ್ತಾಗಿದೆ ಎಂದುಕೊಂಡೆ. ಗೊತ್ತಾಗಿರದಿದ್ದರೂ ಇನ್ನು ನನ್ನಿಂದ ಆಗುವುದಿಲ್ಲ.

ತನಿಯಜ್ಜಿ ಯಾವ ಪುಟದಲ್ಲಿ ಇದ್ದಾಳೆಂದು ನನಗೆ ಗೊತ್ತಿಲ್ಲ. ನಾನು ಆರನೆಯ ಸಂಪುಟ ಓದಿಲ್ಲ. ಐದನೆಯದನ್ನೂ ಓದಿಲ್ಲ. ಏಳನೆಯದರ ರಟ್ಟನ್ನು ಕೂಡ ನಾನು ನೋಡಿದ್ದು ಫೋನಿನಲ್ಲಿ.

ನಾನು ಮದುವೆಯಾಗಿ ಇಲ್ಲಿಗೆ ಬಂದ ವರ್ಷ ಐದನೆಯದು ಬಂತು. ನೀನೇ ಜಮಾಲಾಕನ ಹತ್ತಿರ ಕಳುಹಿಸಿದ್ದೆ. ಮೂರು ಸಲ ಶುರುಮಾಡಿದೆ. ಮುನ್ನೂರು ಪುಟ ಜನರು ಸಭೆ ಸೇರುತ್ತಾರೆ, ಎದ್ದು ಹೋಗುತ್ತಾರೆ, ಪುನಃ ಸಭೆ ಸೇರುತ್ತಾರೆ. ನನಗೆ ಬೋರಾಯಿತು, ನೀರು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಹೇಳಲು ಸುಲಭವಿತ್ತು. ಇಲ್ಲ. ಬರೀ ಬೋರು.

ಆಗ ನಿನ್ನ ಪತ್ರ ಬಂತು. “ಐದನೆಯದು ಎಲ್ಲಕ್ಕಿಂತ ಶ್ರೇಷ್ಠ. ಇದರ ಬಗ್ಗೆ ಮಾತಾಡಲು ನಿನ್ನನ್ನು ಬಿಟ್ಟರೆ ನನಗೆ ಜಗತ್ತಿನಲ್ಲಿ ಯಾರೂ ಇಲ್ಲ” ಎಂದು ಬರೆದಿದ್ದೆ. ಆ ವರ್ಷ ನನಗೆ ಇಲ್ಲಿ ಒಂದು ಬೆಕ್ಕಿನ ಪರಿಚಯವೂ ಇರಲಿಲ್ಲ. ಯಾಹ್ಯಾ ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ನಾನು “ಹೌದು, ನನಗೂ ಹಾಗೇ ಅನ್ನಿಸಿತು” ಎಂದು ಬರೆದೆ. ಒಂದು ಸಾಲು. ಅದನ್ನು ಉಳಿಸಿಕೊಳ್ಳಲು ಆರು ವರ್ಷ ಬೇಕಾಯಿತು.

ಸೋಹಾರಿನಿಂದ ಮುಖೇಶನ ಪುಟಕ್ಕೆ ದಿನಾ ಹೋಗುವವಳು ನಾನೇ. ಯಾರು ಯಾವ ಅಧ್ಯಾಯದಲ್ಲಿ ಏನು ಮಾಡಿದರೆಂದು ಅಲ್ಲಿ ಓದಿ, ನನಗೆ ಗೊತ್ತಿರುವ ಯಾರದಾದರೂ ನಡಿಗೆ, ಯಾರದಾದರೂ ಸಿಟ್ಟು ಸೇರಿಸಿ ಬರೆಯುತ್ತಿದ್ದೆ. ತನಿಯಜ್ಜಿಯ ಬಗ್ಗೆ ಅಲ್ಲಿ ಇದ್ದದ್ದು ಎರಡೇ ಸಾಲು. ಉಳಿದದ್ದೆಲ್ಲ ನನ್ನ ರುಖಿಯಾ ಅಜ್ಜಿ. ಮಲಗುವ ಮುಂಚೆ ನಮ್ಮ ತಲೆ ಮುಟ್ಟಿ ಎಣಿಸುತ್ತಿದ್ದದ್ದು ಅವರು. ಅವರು ತೀರಿಕೊಂಡಾಗ ನನಗೆ ಬರಲಾಗಲಿಲ್ಲ, ನಿನಗೆ ಗೊತ್ತು.

ಟಿಕೆಟ್ ಸೆಪ್ಟೆಂಬರಿನಲ್ಲೇ ಆಗಿದೆ. ಡಿಸೆಂಬರ್ ಹದಿನೆಂಟಕ್ಕೆ ಬರುತ್ತೇನೆ. ಆ ಐದು ಪ್ರಶ್ನೆಗಳಿಗೆ ಹೆದರಿ ಸುಳ್ಳು ಹೇಳಿದೆ. ಐದು ಸಾವಿರ ಜನರ ಮಧ್ಯೆ ನಾನು ಬೆಬ್ಬೆಬ್ಬೆ ಅಂದರೆ ತಲೆ ತಗ್ಗಿಸಬೇಕಾದವಳು ನೀನು.

ನನಗೂ ಒಂದು ಅನುಮಾನ ಇದೆ. ಎಷ್ಟೋ ವರ್ಷದ್ದು. ಫೋನಿನಲ್ಲಿ ನಾವು ಮಾತಾಡುವುದು ಎರಡು ನಿಮಿಷ. “ಎಂತ ಮಾಡ್ತಿದ್ದೀ, ಊಟ ಆಯ್ತಾ, ಆಯ್ತು, ಇಡ್ಲಾ?” ಅಷ್ಟೇ. ಪತ್ರ ಬಂದರೆ ಎಂಟು ಪುಟ, ಎಂಟೂ ಬಂದರುಗಳ ಬಗ್ಗೆ. ನಾನು ಆ ಪುಸ್ತಕ ಬಿಟ್ಟೆ ಎಂದಿದ್ದರೆ ನಿನಗೆ ನನ್ನ ಹತ್ತಿರ ಹೇಳಲು ಏನಿರುತ್ತಿತ್ತು? ಏನೂ ಇರುತ್ತಿರಲಿಲ್ಲವೆಂದು ನನಗೆ ಭಯ. ಆ ಭಯಕ್ಕೇ ಇಷ್ಟೆಲ್ಲ.

ಸಿಟ್ಟು ಮಾಡು, ಬೈ. ಆದರೆ ಫಾರಂ ಕೊಡುವ ಮುಂಚೆ ಒಂದು ಕಾಲ್ ಮಾಡು. ಆಣೆಯನ್ನು ಒಂದು ದಿನದ ಮಟ್ಟಿಗೆ ಮುರಿಯೋಣ.

ರುಮಿ

ಕೊಟ್ಟಾರ
30 ನವೆಂಬರ್ 2025

ರುಮೈಸಾ ಅವರಿಗೆ,

ನಿಮ್ಮ ಲಕೋಟೆ ಬಂದು ಹದಿನೈದು ದಿನವಾಯಿತು. ಒಡೆದಿಲ್ಲ. ಒಡೆಯುವುದೂ ಇಲ್ಲ. ನೀವು ಚೆನ್ನಾಗಿ ಬರೆಯುತ್ತೀರಿ. ಓದಿದರೆ ನಂಬಿಬಿಡುತ್ತೇನೆ, ಅದಕ್ಕೇ ಬೇಡ.

ತನಿಯಜ್ಜಿ ಎನ್ನುವವಳು ‘ಹನ್ನೆರಡು ಬಂದರು’ ಕಾದಂಬರಿಯ ಯಾವ ಸಂಪುಟದಲ್ಲೂ ಇಲ್ಲ. ಅವಳನ್ನು ಹುಟ್ಟಿಸಿದವಳು ನಾನು. ಮಾರ್ಚ್ ತಿಂಗಳಲ್ಲಿ, ಸುಳ್ಳು ಹೆಸರಿನಲ್ಲಿ, ಮುಖೇಶನ ವೆಬ್‌ಪುಟದಲ್ಲಿ ಎರಡು ಸಾಲು ಬರೆದು ಬಂದೆ. ಅವನು ಪುಸ್ತಕ ಓದದೆ ಎಲ್ಲವನ್ನೂ ಬಾಚಿಕೊಂಡು ಅಚ್ಚುಹಾಕಿಸಿದರೆ ಯಾವುದಾದರೂ ಮೇಳದಲ್ಲಿ ಎಲ್ಲರೆದುರು ಹಿಡಿದುಹಾಕಬಹುದೆಂದು. ಹೆಗ್ಗಣಕ್ಕೆ ಇಟ್ಟ ಬೋನು. ಬೆಳಿಗ್ಗೆ ನೋಡಿದರೆ ಒಳಗೆ ನನ್ನ ಗೆಳತಿ.

ಅಂದರೆ ನೀವೂ ಅವನೂ ಒಂದೇ. ಅವನ ಪುಟದಿಂದ ನಮ್ಮ ಕೋಶಕ್ಕೆ, ನಮ್ಮ ಕೋಶದಿಂದ ಅವನ ಪುಟಕ್ಕೆ. ನನ್ನ ಮೂರು ಊರುಗಳು ಅಲ್ಲಿಗೆ ಹೇಗೆ ಹೋದವೆಂದು ಈಗ ತಿಳಿಯಿತು. ಇಪ್ಪತ್ತನೆಯ ತಾರೀಕು ಅವನ ಮೇಜಿನ ಹಿಂದೆ ಕೂರಲೆಂದೇ ನನ್ನ ಹತ್ತಿರ ಟಿಕೆಟ್ ಆಗಿಲ್ಲವೆಂದು ಹೇಳಿದ್ದಲ್ಲವೇ? ಕಂಕನಾಡಿ ಮಾರ್ಕೆಟಿನಲ್ಲಿ ನಿಮ್ಮ ಉಮ್ಮ ಖೈರುನ್ನಿಸಾ ಸಿಕ್ಕಿದ್ದರು. “ರುಮೈಸಾ ಹದಿನೆಂಟಕ್ಕೆ ಬರ್ತಾಳಲ್ಲ, ನಿನಗೆ ಗೊತ್ತುಂಟಲ್ಲ? ಟಿಕೆಟ್ ಆಗಿ ತಿಂಗಳ ಮೇಲಾಯ್ತು” ಎಂದರು. ನಾನು “ಗೊತ್ತುಂಟು” ಎಂದೆ. ಆರಿಸಿದ್ದ ಬಸಳೆ ಕಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ನಾನು ನವೆಂಬರ್ ಒಂದರಂದು ಟಿಕೆಟ್ ಬಗ್ಗೆ ಕೇಳಿದ್ದು ಅದು ಗೊತ್ತಾದ ಮೇಲೆ.

ಇವತ್ತು ಬೆಳಿಗ್ಗೆ ಬ್ಲೇಡ್ ತೆಗೆದುಕೊಂಡು ಐದನೆಯ ಸಂಪುಟದಿಂದ ಮುಂದಿನ ನಿಮ್ಮ ಹಾಳೆಗಳನ್ನೆಲ್ಲ ಕತ್ತರಿಸಿ ತೆಗೆದೆ. ಅರುವತ್ತೆರಡು ಹಾಳೆ. ಒಂದರಿಂದ ನಾಲ್ಕರವರೆಗಿನದನ್ನು ತೆಗೆಯಲು ಆಗಲಿಲ್ಲ. ಆಗ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಬರೆದದ್ದು, ನಿಮ್ಮ ಜನರ ಬೆನ್ನಿಗೇ ನನ್ನ ಊರುಗಳು ಇವೆ. ಮುಖಪುಟ ಹೊಸತು ಮಾಡಿಸಿದ್ದೇನೆ. ಫಾರಂನಲ್ಲಿ ಒಂದೇ ಹೆಸರು. ಮಧ್ಯಾಹ್ನ ಕೊಟ್ಟು ಬಂದೆ.

ನಿರೀಕ್ಷಾ

ಸೋಹಾರ್
9 ಡಿಸೆಂಬರ್ 2025

ನಿರೀಕ್ಷಾ,

ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ‘ನೀವು’ ಎಂದು ಬರೆದಿದ್ದೀ.

ನನ್ನದು ಸುಳ್ಳು. ಒಪ್ಪಿದೆ. ಮಾರ್ಚಿನಿಂದ ಬೋನು ಇಟ್ಟು, ಏಳು ಪತ್ರ ಬರೆದರೂ ನನಗೆ ಒಂದು ಮಾತು ಹೇಳದೆ ಇದ್ದದ್ದು ಏನು? ಹೆಗ್ಗಣಕ್ಕೆ ಬೋನು ಇಡುವವರು ಮನೆಯವರಿಗೆ ಮೊದಲು ಹೇಳುತ್ತಾರೆ, ಕಾಲು ಹಾಕಬೇಡಿ ಎಂದು. ನಿನ್ನ ಊರುಗಳನ್ನು ನಾನು ಯಾರಿಗೂ ಕೊಟ್ಟಿಲ್ಲ. ಮೇಳದ ಹಳೆಯ ಗುಂಪಿನಲ್ಲಿ ಎರಡು ವರ್ಷದ ಹಿಂದೆ ನೀನೇ ಹಾಕಿದ್ದೆ. ಹುಡುಕಿ ನೋಡು.

ನವೆಂಬರ್ ಹದಿನಾಲ್ಕರ ಪತ್ರವನ್ನು ಒಡೆ. ಓದಿ ಸುಟ್ಟರೂ ಸರಿ. ನನ್ನ ಹಾಳೆಗಳನ್ನು ಮಾತ್ರ ಸುಡಬೇಡ, ಅವು ನನ್ನವು.

ಹದಿನೆಂಟರಿಂದ ಕಂಕನಾಡಿಯಲ್ಲಿ ಉಮ್ಮನ ಮನೆಯಲ್ಲಿ ಇರುತ್ತೇನೆ. ಈ ಸಲ ತಾರೀಕನ್ನು ನಾನೇ ಹೇಳುತ್ತಿದ್ದೇನೆ.

ರುಮೈಸಾ

ಕೊಟ್ಟಾರ
21 ಡಿಸೆಂಬರ್ 2025, ಭಾನುವಾರ ಸಂಜೆ

ರುಮಿ,

ಹಾಗೆ ಕರೆಯಬಹುದೋ ಗೊತ್ತಿಲ್ಲ, ಕರೆದಿದ್ದೇನೆ.

ಹನ್ನೊಂದನೆಯ ತಾರೀಕು ಜಮಾಲಾಕ ನಿನ್ನ ಚಿಕ್ಕ ಪತ್ರ ತಂದುಕೊಟ್ಟರು. ಅಂಗಡಿಯ ಕೌಂಟರಿನಲ್ಲಿ, ಗಿರಾಕಿ ಒಬ್ಬರು ಫ್ರೇಮ್ ಹಾಕಿ ತೆಗೆದು ಮಾಡುತ್ತಿದ್ದಾಗ, ಅದನ್ನೂ ಚೀಲದಲ್ಲೇ ಉಳಿದಿದ್ದ ನಿನ್ನ ನವೆಂಬರಿನ ಲಕೋಟೆಯನ್ನೂ ಒಡೆದು ಓದಿದೆ. ಮೊದಲು ಹಳೆಯ ಗುಂಪು ಹುಡುಕಿದೆ. ಮೂರು ಊರುಗಳನ್ನೂ ನಾನೇ ಹಾಕಿದ್ದೆ, ಕೆಳಗೆ “ಯಾರು ಬೇಕಾದರೂ ಬಳಸಿ” ಎಂದು ಬರೆದು.

ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಸುಳ್ಳು ಹೇಳುವುದಿಲ್ಲ, ಮೊದಲು ಬಂದದ್ದು ಸಿಟ್ಟು. ನೀನು ಕದ್ದಿದ್ದರೆ ಕ್ಷಮಿಸುತ್ತಿದ್ದೆ. ಕಳ್ಳರಿಗೂ ಆ ಪುಸ್ತಕ ಇಷ್ಟವಾಗಿರುತ್ತದೆ. ನಿನಗೆ ಬೋರಾಯಿತು! ಐದನೆಯ ಸಂಪುಟದ ಸಭೆಗಳ ಬಗ್ಗೆ ನಾನು ಹನ್ನೊಂದು ಪುಟ ಬರೆದಿದ್ದೆ, ನೆನಪುಂಟಾ? ಆರು ವರ್ಷ ನಾನು ಖಾಲಿ ಕೋಣೆಯಲ್ಲಿ ಮಾತಾಡಿದ ಹಾಗಾಯಿತು. ಅದಕ್ಕೇ ನೀನು ಹದಿನೆಂಟಕ್ಕೆ ಬಂದಿದ್ದೀ ಎಂದು ಗೊತ್ತಿದ್ದರೂ ಕಂಕನಾಡಿಗೆ ಬರಲಿಲ್ಲ. ಹತ್ತೊಂಬತ್ತಕ್ಕೂ ಬರಲಿಲ್ಲ. ಬಸ್ ಸ್ಟಾಪಿನವರೆಗೆ ಬಂದು ವಾಪಸು ಹೋದೆ.

ನಿನ್ನೆ ಮೇಳ. ನೀನು ಅಷ್ಟು ಜನರನ್ನು ನೋಡಬೇಕಿತ್ತು. ಬೆಳಿಗ್ಗೆ ಎಂಟಕ್ಕೇ ಸಾಲು ಹೆದ್ದಾರಿಯನ್ನು ಮುಟ್ಟಿತ್ತು. ನಾನು ಸುಂಕದವಳ ವೇಷದಲ್ಲಿ, ಕೋಶ ಎದೆಗೆ ಅವಚಿಕೊಂಡು, ಹನ್ನೊಂದು ಗಂಟೆಗೆ ತೀರ್ಪುಗಾರರ ಮುಂದೆ ಕುಳಿತೆ. ಗುರುವಪ್ಪ ಎಂಬ ನಿವೃತ್ತ ಮೇಷ್ಟ್ರು. ಕೋಶವನ್ನು ತೆರೆದವರು ಎರಡನೆಯ ಸಂಪುಟದ ಹತ್ತಿರ ನಿಂತುಬಿಟ್ಟರು. ಹಡಗಿನ ಅಡುಗೆಯವನ ಬಗ್ಗೆ ನೀನು ಬರೆದದ್ದು. ಒಂದು ಸಲ ತಮ್ಮಷ್ಟಕ್ಕೆ ಓದಿದರು, ಪುನಃ ಪಕ್ಕದವರಿಗೆ ಕೇಳುವಂತೆ ಓದಿದರು.

“ಇದು ನಿಮ್ಮದೇ ಬರವಣಿಗೆಯಾ?” ಎಂದು ಕೇಳಿದರು.

“ಅಲ್ಲ ಸರ್. ನನ್ನ ಫ್ರೆಂಡ್ ರುಮೈಸಾ ಬರೆದದ್ದು. ಜನರೆಲ್ಲ ಅವಳದ್ದು.”

“ಫಾರಂನಲ್ಲಿ ಒಂದೇ ಹೆಸರು ಉಂಟಲ್ಲ?”

“ನಾನೇ ತೆಗೆದದ್ದು ಸರ್.”

“ಯಾಕೆ?”

“ಅನುಮಾನ” ಎಂದೆ. ಬೇರೆ ಶಬ್ದ ಸಿಗಲಿಲ್ಲ.

ಅವರು ಕೋಶವನ್ನು ಮುಚ್ಚಿದರು. “ನಿಯಮ ಗೊತ್ತುಂಟಲ್ಲ ಮಗಾ, ಬರೆದವರೆಲ್ಲರ ಹೆಸರು ಇರಬೇಕು. ನಾನೆಂತ ಮಾಡಲಿಕ್ಕೂ ಇಲ್ಲ” ಎಂದು ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಏಳೂ ಸಂಪುಟ ನನಗೆ ಬಾಯಿಪಾಠ ಇತ್ತು, ರುಮಿ. ಹದಿನೈದು ವರ್ಷ ಆ ಹತ್ತು ನಿಮಿಷಕ್ಕೆ ಕಾದಿದ್ದೆ. ನನಗೆ ಅಲ್ಲೇ ಅಳು ಬಂತು. ಹೊರಗೆ ಬಂದು ಮಜ್ಜಿಗೆಯವನ ಬಂಡಿಯ ಹಿಂದೆ ನಿಂತು ಅತ್ತೆ.

ಮುಖೇಶನ ಕೋಶ ಐದರಲ್ಲಿ ಒಂದಾಯಿತು. ಅವನ ಮೇಜಿಗೆ ಹೋಗಿ ಆರನೆಯ ಸಂಪುಟದ ಭಾಗ ತಿರುವಿದೆ. ತನಿಯಜ್ಜಿ ಇಲ್ಲ. ಅವನನ್ನು ಕೇಳಿದೆ. “ಓ ಅದಾ? ಯಾರೋ ತಮಾಷೆಗೆ ಹಾಕಿದ್ದು. ಬುಕ್ಕಲ್ಲಿ ಇಲ್ಲ ಅಂತ ನಾನು ಯಾವಾಗ್ಲೋ ತೆಗೆದಿದ್ದೇನೆ” ಎಂದ. ಪಾಪ, ಪ್ರತಿಯೊಂದು ಸಾಲನ್ನೂ ಪುಸ್ತಕದ ಜೊತೆ ಹೋಲಿಸಿ ನೋಡಿದ್ದಾನಂತೆ. ಅವನ ತಂದೆ ನಾನು ಕೊಟ್ಟ ಫ್ರೇಮನ್ನೇ ಹಾಕಿಕೊಂಡು ಪಕ್ಕದಲ್ಲಿ ಕುಳಿತಿದ್ದರು.

ಇವತ್ತು ಹೋಗಲಿಲ್ಲ. ಲೇಖಕಿಯ ಸಹಿ ಹಾಕಿಸಲಿಲ್ಲ. ಚೀಲದಲ್ಲಿ ಮೂರು ಪುಸ್ತಕ ಹಾಗೇ ಇದೆ. ಬೆಳಿಗ್ಗೆಯಿಂದ ನಿನ್ನ ಅರುವತ್ತೆರಡು ಹಾಳೆ ಓದಿದೆ. ಈ ಸಲ ತಪ್ಪು ಹುಡುಕಲು ಅಲ್ಲ. ಇಷ್ಟವಿಲ್ಲದ ಪುಸ್ತಕದ ಜನರಿಗೆ ನೀನು ನಿಮ್ಮ ಮನೆಯವರ ಕೈಕಾಲು ಕೊಟ್ಟಿದ್ದೀ, ನನ್ನ ಅಮ್ಮನ ಸಿಟ್ಟು ಕೊಟ್ಟಿದ್ದೀ. ಸಭೆಯಲ್ಲಿ ಎದ್ದು ಹೋಗುವ ಒಬ್ಬನಿಗೆ ನನ್ನದೇ ನಡಿಗೆ ಇದೆ. ಪುಸ್ತಕಕ್ಕಾಗಿ ಯಾರೂ ಇಷ್ಟು ಮಾಡುವುದಿಲ್ಲ. ನನಗಾಗಿ ಮಾಡಿದ್ದೀ. ಅದನ್ನು ನಾನು ಬ್ಲೇಡಿನಲ್ಲಿ ಕತ್ತರಿಸಿದೆ. ನನ್ನನ್ನು ಕ್ಷಮಿಸು.

ಇನ್ನು ಒಂದೇ ಒಂದು ಅನುಮಾನ ಉಳಿದಿದೆ. ಅದನ್ನೂ ಕೇಳಿಬಿಡುತ್ತೇನೆ. ನನ್ನ ಪತ್ರಗಳೂ ನಿನಗೆ ಬೋರಾಗುತ್ತಿದ್ದವಾ? ಸತ್ಯ ಹೇಳು.

ನೀರು

ಕಂಕನಾಡಿ
22 ಡಿಸೆಂಬರ್ 2025

ನೀರು,

ನಿನ್ನ ಅಮ್ಮ ಹೇಮಾಕ್ಷಿಯವರೇ ಬೆಳಿಗ್ಗೆ ಆಟೋದಲ್ಲಿ ಬಂದು ಪತ್ರ ಕೊಟ್ಟರು. “ಅವಳು ಬರುದಿಲ್ಲ, ಇವಳು ಹೋಗುದಿಲ್ಲ, ನನಗೆ ಪೋಸ್ಟ್‌ಮ್ಯಾನ್ ಕೆಲಸ” ಎಂದು ಉಮ್ಮನ ಹತ್ತಿರ ದೂರು ಹೇಳುತ್ತಾ ಒಳಗೆ ಚಾ ಕುಡಿಯುತ್ತಿದ್ದಾರೆ. ಅವರು ಹೊರಡುವುದರೊಳಗೆ ಇದನ್ನು ಬರೆದು ಕೊಡಬೇಕು.

ಸತ್ಯ ಕೇಳಿದ್ದೀ. ಕೆಲವು ಬೋರಾಗುತ್ತಿದ್ದವು. ಸಭೆಗಳ ಬಗ್ಗೆ ಬರೆದ ಹನ್ನೊಂದು ಪುಟದಲ್ಲಿ ನಾಲ್ಕನೆಯ ಪುಟದ ನಂತರ ನಾನು ನಿದ್ದೆ ಮಾಡಿದೆ. ಆದರೆ ಮಧ್ಯೆ ಎಲ್ಲಾದರೂ ನೀನು ಮರೆತು ಅಂಗಡಿಗೆ ಬಂದ ಗಿರಾಕಿಯ ಬಗ್ಗೆ, ನಿನ್ನ ಹಲ್ಲುನೋವಿನ ಬಗ್ಗೆ, ಯಾರ ಮೇಲೋ ನಿನಗೆ ಹೊಸದಾಗಿ ಹುಟ್ಟಿದ ಅನುಮಾನದ ಬಗ್ಗೆ ಎರಡು ಸಾಲು ಬರೆಯುತ್ತಿದ್ದೆ. ಅದನ್ನು ಹುಡುಕಿ ಹುಡುಕಿ ಓದುತ್ತಿದ್ದೆ.

ಶನಿವಾರ ನಾನು ಬಂದಿದ್ದೆ. ನಿನಗೆ ಗೊತ್ತಿಲ್ಲ. ಗುರುತಿನ ಚೀಟಿ ಹಿಡಿದು, ಹನ್ನೆರಡು ಗಂಟೆಗೆ, ಮೇಳದ ಗೇಟಿಗೆ. ತೀರ್ಪುಗಾರರ ಮುಂದೆ ಕುಳಿತು, ನಾನು ಓದಿಲ್ಲ, ಊರುಗಳೆಲ್ಲ ನಿರೀಕ್ಷಾಳದ್ದು, ಅವಳು ಪ್ರಾಮಾಣಿಕಳು ಎಂದು ಹೇಳಬೇಕೆಂದಿದ್ದೆ. ಗೇಟಿನ ಬೋರ್ಡಿನಲ್ಲಿ ಸ್ಪರ್ಧಿಗಳ ಪಟ್ಟಿ ಹಾಕಿದ್ದರು. ನೀನು ಮೊದಲೇ ಬರೆದಿದ್ದೆ, ಆದರೂ ನಮ್ಮ ಕೋಶದ ಎದುರು ಒಂದೇ ಹೆಸರು ಕಣ್ಣಾರೆ ಕಂಡಾಗ ತಡೆಯಲಾಗಲಿಲ್ಲ. ನಿನಗೆ ಗೆರೆ ಎಳೆದು ಆಗಲೇ ಒಂದು ಗಂಟೆಯಾಗಿತ್ತೆಂದು ನನಗೇನು ಗೊತ್ತು? ನನ್ನ ಹೆಸರಿಲ್ಲದ ಕಡೆ ನನಗೇನು ಕೆಲಸ ಎಂದು ಅದೇ ಆಟೋದಲ್ಲಿ ವಾಪಸು ಬಂದೆ. ನೀನು ಮಜ್ಜಿಗೆ ಬಂಡಿಯ ಹಿಂದೆ ಇದ್ದೆ ಎಂದು ಈಗ ಓದಿ ತಿಳಿಯಿತು. ಬಂಡಿಯನ್ನು ನೋಡಿದ್ದೆ. ಬಾಯಾರಿಕೆಯೂ ಆಗಿತ್ತು.

ಕ್ಷಮಿಸಿದೆನೋ ಎಂದು ಕೇಳಬೇಡ. ಹಾಳೆಗಳ ವಿಷಯದಲ್ಲಿ ಇನ್ನೂ ಆಗಿಲ್ಲ. ಅದಕ್ಕೆ ಸಮಯ ಬೇಕು. ನಿನಗೂ ನನ್ನ ಆರು ವರ್ಷವನ್ನು ನುಂಗಲು ಸಮಯ ಬೇಕು.

ಇಪ್ಪತ್ತೆಂಟಕ್ಕೆ ನನ್ನ ವಿಮಾನ. ನಾಳೆ ಮನೆಗೆ ಬಾ. ಕೋಶ ತರಬೇಡ, ನನ್ನ ಹಾಳೆಗಳನ್ನೂ ತರಬೇಡ, ಆ ಏಳರಲ್ಲಿ ಒಂದನ್ನೂ ತರಬೇಡ. ಬರಿಗೈಯಲ್ಲಿ ಬಾ. ಏನು ಮಾತಾಡುವುದೆಂದು ನನಗೂ ಗೊತ್ತಿಲ್ಲ. ನನಗೆ ಹೆದರಿಕೆ ಆಗುತ್ತಿದೆ. ಆದರೂ ಬಾ.

ರುಮಿ